ವರ್ಡ್ ಫೈಲ್ ಬೇರೆ ಆಫೀಸ್‌ನಲ್ಲೇ ತೆರೆದುಕೊಳ್ಳುತ್ತಿದೆ, ಏನು ಮಾಡಲಿ?

ಪ್ರಶ್ನೆ: ಉಚಿತವಾಗಿ ಸಿಗುವ ಒಂದು ಆಫೀಸ್ ಸಾಫ್ಟ್‌ವೇರ್ ಹಾಕಿಕೊಂಡೆ. ಅಂದಿನಿಂದ ವರ್ಡ್, ಎಕ್ಸೆಲ್ ಫೈಲ್‌ಗಳ ಐಕಾನ್‌ಗಳೆಲ್ಲ ಬದಲಾಗಿವೆ. ಡಬಲ್ ಕ್ಲಿಕ್ ಮಾಡಿದರೆ ಅದರಲ್ಲೇ ತೆರೆದುಕೊಳ್ಳುತ್ತವೆ. ವರ್ಡ್‌ಗೆ ಬದಲಾಯಿಸಿದರೂ ಕಂಪ್ಯೂಟರ್ ಮತ್ತೆ ಆನ್ ಮಾಡಿದಾಗ ಅದೇ ಪಾಡು. ನನ್ನ ಫೈಲ್‌ಗಳು ಹಾಳಾದವೇ?

ಉತ್ತರ: ಹಾಳಾಗಿಲ್ಲ, ಗಾಬರಿ ಬೇಡ. ಫೈಲಿನ ಒಳಗೆ ಒಂದಕ್ಷರವೂ ಬದಲಾಗಿಲ್ಲ. ಹೆಸರಿನ ಕೊನೆಗೆ ಚುಕ್ಕಿಯಾದ ಮೇಲೆ ಬರುವ ಡಾಕ್‌ಎಕ್ಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಪಿಡಿಎಫ್ ಎಂಬ ಬಾಲವನ್ನು ನೋಡಿಯೇ ವಿಂಡೋಸ್ ಯಾವ ಫೈಲನ್ನು ಯಾರ ಕೈಗೆ ಕೊಡಬೇಕೆಂದು ತೀರ್ಮಾನಿಸುತ್ತದೆ. ಬದಲಾಗಿರುವುದು ಯಾವ ಬಾಲಕ್ಕೆ ಯಾವ ಪ್ರೋಗ್ರಾಂ ಎಂಬ ನಮೂದು ಮಾತ್ರ. ಆದರೆ ಒಂದು ಎಚ್ಚರಿಕೆ: ಮುಖ್ಯವಾದ ಫೈಲ್ ಆ ಸಾಫ್ಟ್‌ವೇರ್‌ನಲ್ಲಿ ತೆರೆದುಕೊಂಡರೆ ಸೇವ್ ಮಾಡದೆ ಮುಚ್ಚಿ. ಸೇವ್ ಒತ್ತಿದರೆ ಇಡೀ ಫೈಲನ್ನು ಅದು ತನ್ನ ರೀತಿಯಲ್ಲಿ ಮತ್ತೆ ಬರೆಯುತ್ತದೆ. ಮ್ಯಾಕ್ರೋ (ಫೈಲಿನೊಳಗೆ ತಾನಾಗಿ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ), ಕೋಷ್ಟಕ, ಪುಟದ ಅಳತೆ ಏರುಪೇರಾಗುವುದು ಆಗಲೇ.

ನಮೂದು ಇರುವುದು ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಡುವ ರಿಜಿಸ್ಟ್ರಿಯಲ್ಲಿ, ಯೂಸರ್‌ಚಾಯ್ಸ್ ಎಂಬ ಹೆಸರಿನಡಿ. ಬಾಲ ಒಂದೊಂದಕ್ಕೂ ಪ್ರತ್ಯೇಕ ನಮೂದು. ವಿಂಡೋಸ್ 8ರಿಂದ ಈಚೆಗೆ ಅದರ ಜೊತೆಗೆ ಹ್ಯಾಶ್ ಎಂಬ ಮೊಹರೂ ಇರುತ್ತದೆ. ಆಯ್ಕೆ ಬಳಕೆದಾರರದೇ ಎಂಬುದಕ್ಕೆ ಅದು ಗುರುತು. ಮೊಹರು ತಾಳೆಯಾಗದಿದ್ದರೆ ವಿಂಡೋಸ್ ಆ ನಮೂದನ್ನು ತಳ್ಳಿಹಾಕಿ ತನ್ನ ಆಯ್ಕೆಗೆ ಮರಳುತ್ತದೆ. ಹಾಗಿದ್ದೂ ಈ ಮೊಹರನ್ನು ಲೆಕ್ಕಹಾಕಿ ತಾವೇ ಒತ್ತಿಬಿಡುವ ಪ್ರೋಗ್ರಾಂಗಳಿವೆ. 2024ರಲ್ಲಿ ಮೈಕ್ರೋಸಾಫ್ಟ್ ಇದಕ್ಕೆ ಇನ್ನೊಂದು ಬೀಗ ಹಾಕಿತು. ಆದರೆ ಅದು ಕಾಯುವುದು ಮುಖ್ಯವಾಗಿ ಬ್ರೌಸರ್ ಮತ್ತು ಪಿಡಿಎಫ್ ಆಯ್ಕೆಯನ್ನು.

ಬಹಳಷ್ಟು ಸಲ ಪ್ರೋಗ್ರಾಂಗಳಿಗೆ ಇಷ್ಟು ಕಸರತ್ತೂ ಬೇಕಾಗುವುದಿಲ್ಲ. ಇನ್‌ಸ್ಟಾಲ್ ಆಗುವಾಗ ‘ಡಿಫಾಲ್ಟ್ ಮಾಡು’ (ಫೈಲ್ ತೆರೆಯುವ ಕೆಲಸ ನನಗೇ ಕೊಡು) ಎಂಬ ಚೌಕದಲ್ಲಿ ಮೊದಲೇ ಟಿಕ್ ಇರುತ್ತದೆ, ನಾವು ನೆಕ್ಸ್ಟ್, ನೆಕ್ಸ್ಟ್ ಎಂದು ಒತ್ತುತ್ತಾ ಹೋಗುತ್ತೇವೆ.

ನೀವು ಬದಲಾಯಿಸಿದರೂ ನಿಲ್ಲದಿರುವುದಕ್ಕೆ ಕಾರಣ, ಕಂಪ್ಯೂಟರ್ ಆನ್ ಆದಾಗಲೆಲ್ಲ ಆ ಸಾಫ್ಟ್‌ವೇರಿನ ಒಂದು ಭಾಗ ಹಿನ್ನೆಲೆಯಲ್ಲಿ ಎದ್ದು ನಮೂದನ್ನು ಮತ್ತೆ ತನ್ನ ಹೆಸರಿಗೆ ಮಾಡಿಕೊಳ್ಳುತ್ತಿರಬಹುದು. ಆದ್ದರಿಂದ ಇಲ್ಲಿ ಕ್ರಮ ಮುಖ್ಯ. ಮೊದಲು ಆ ಸಾಫ್ಟ್‌ವೇರಿನದೇ ಸೆಟ್ಟಿಂಗ್ಸ್‌ಗೆ ಹೋಗಿ, ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್, ಪಿಡಿಎಫ್ ಫೈಲ್‌ಗಳಿಗೆ ತಾನೇ ಡಿಫಾಲ್ಟ್ ಎಂದಿರುವ ಟಿಕ್‌ಗಳನ್ನೆಲ್ಲ ತೆಗೆಯಿರಿ. ಆಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಸ್ಟಾರ್ಟಪ್ ಪಟ್ಟಿಯಲ್ಲಿ ಅದರ ಹೆಸರಿದ್ದರೆ ಡಿಸೇಬಲ್ ಮಾಡಿ. ಹೊತ್ತಿಗೆ ಸರಿಯಾಗಿ ಕೆಲಸಗಳನ್ನು ತಾನಾಗಿ ನಡೆಸುವ ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲೂ ಒಮ್ಮೆ ಹುಡುಕಿ, ಅಪ್‌ಡೇಟ್ ಹೆಸರಿನಲ್ಲಿ ಅಲ್ಲಿ ಅಡಗಿರುವುದುಂಟು. ಅದು ಬೇಡವೇ ಬೇಡ ಎನ್ನುವುದಾದರೆ ಅನ್‌ಇನ್‌ಸ್ಟಾಲ್ ಮಾಡಬೇಕಾದದ್ದು ಈಗ, ಟಿಕ್ ತೆಗೆದ ಮೇಲೆ. ನೇರವಾಗಿ ಕಿತ್ತುಹಾಕಿದರೆ ಇಲ್ಲದ ಪ್ರೋಗ್ರಾಂ ಕಡೆಗೇ ನಮೂದು ಉಳಿದುಬಿಟ್ಟು, ಫೈಲ್‌ಗಳಿಗೆ ಬಿಳಿ ಹಾಳೆಯ ಐಕಾನ್ ಬರಬಹುದು.

ನಂತರ ಯಾವುದಾದರೂ ವರ್ಡ್ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ‘ಓಪನ್ಸ್ ವಿತ್’ ಎಂಬ ಸಾಲಿನ ಪಕ್ಕದಲ್ಲಿ ‘ಚೇಂಜ್’ ಗುಂಡಿ ಇದೆ. ಒತ್ತಿ, ವರ್ಡ್ ಆರಿಸಿ, ಓಕೆ ಕೊಡಿ. ಒಂದು ಫೈಲಿಗೆ ಮಾಡಿದ್ದು ಆ ಬಾಲದ ಎಲ್ಲ ಫೈಲ್‌ಗಳಿಗೂ ಅನ್ವಯಿಸುತ್ತದೆ. ಆದರೆ ಡಾಕ್‌ಎಕ್ಸ್‌ಗೆ ಮಾಡಿದ್ದು ಹಳೆಯ ಡಾಕ್‌ಗೆ ತಾಗುವುದಿಲ್ಲ, ಅದಕ್ಕೆ ಬೇರೆಯಾಗಿಯೇ ಮಾಡಬೇಕು. ಎಕ್ಸ್‌ಎಲ್‌ಎಸ್, ಎಕ್ಸ್‌ಎಲ್‌ಎಸ್‌ಎಕ್ಸ್, ಸಿಎಸ್‌ವಿ, ಪಿಪಿಟಿ, ಪಿಪಿಟಿಎಕ್ಸ್, ಪಿಡಿಎಫ್ ಒಂದೊಂದನ್ನೂ ನೋಡಿ. ಅನೇಕರು ಸಿಎಸ್‌ವಿ ಮರೆತು, ಬ್ಯಾಂಕಿನ ಸ್ಟೇಟ್‌ಮೆಂಟ್ ಇಳಿಸಿಕೊಂಡಾಗ ಮತ್ತೆ ತಲೆ ಕೆಡಿಸಿಕೊಳ್ಳುತ್ತಾರೆ. ಬಾಲಗಳೇ ಕಾಣದಿದ್ದರೆ ವಿಂಡೋಸ್ 11ರ ಎಕ್ಸ್‌ಪ್ಲೋರರ್‌ನಲ್ಲಿ ವ್ಯೂ, ಶೋ, ‘ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್’ ಎಂದು ಆರಿಸಿ.

ಪಟ್ಟಿಯಲ್ಲಿ ವರ್ಡ್ ಕಾಣಿಸಲೇ ಇಲ್ಲವೇ? ಸೆಟ್ಟಿಂಗ್ಸ್‌ನ ಆ್ಯಪ್ಸ್ ಪಟ್ಟಿಯಲ್ಲಿ ಮೈಕ್ರೋಸಾಫ್ಟ್ ಆಫೀಸ್ ಹುಡುಕಿ, ಮಾಡಿಫೈ ಒತ್ತಿ, ಕ್ವಿಕ್ ರಿಪೇರ್ ಕೊಡಿ. ಇದಕ್ಕೆ ಇಂಟರ್ನೆಟ್ ಬೇಡ.

ಸೆಟ್ಟಿಂಗ್ಸ್‌ನ ಡಿಫಾಲ್ಟ್ ಆ್ಯಪ್ಸ್ ಪುಟದ ಕೆಳಗಿರುವ ರೀಸೆಟ್ ಗುಂಡಿಯನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ. ಬ್ರೌಸರ್, ಪಿಡಿಎಫ್, ಹಾಡು, ಫೋಟೋ ಎಲ್ಲವೂ ಒಟ್ಟಿಗೆ ಮೈಕ್ರೋಸಾಫ್ಟಿನ ಆಯ್ಕೆಗೆ ಹೋಗುತ್ತವೆ. ರಿಜಿಸ್ಟ್ರಿ ಸರಿಪಡಿಸುತ್ತೇವೆಂದು ಎಲ್ಲೋ ಸಿಗುವ ಫೈಲ್‌ಗಳನ್ನೂ ಡಬಲ್ ಕ್ಲಿಕ್ ಮಾಡಬೇಡಿ.

ಉಚಿತ ಎಂದಮಾತ್ರಕ್ಕೆ ಎಲ್ಲವೂ ಹೀಗೆ ನಡೆದುಕೊಳ್ಳುವುದಿಲ್ಲ. ಜಿಪ್ ಫೈಲ್‌ಗಳನ್ನು ಬಿಚ್ಚುವ 7-ಜಿಪ್ ಇನ್‌ಸ್ಟಾಲ್ ಆದಮೇಲೂ ಯಾವ ಬಾಲವನ್ನೂ ತಾನಾಗಿ ಹಿಡಿಯುವುದಿಲ್ಲ. ಬೇಕಾದವರು ಅದರ ಆಪ್ಷನ್ಸ್‌ಗೆ ಹೋಗಿ ತಾವೇ ಆರಿಸಿಕೊಳ್ಳಬೇಕು. ಉಚಿತ ಆಫೀಸ್ ಸಾಫ್ಟ್‌ವೇರ್ ಆದ ಲಿಬ್ರೆಆಫೀಸ್‌ನಲ್ಲಿ ಕಸ್ಟಮ್ ಇನ್‌ಸ್ಟಾಲ್ ಆರಿಸಿದರೆ ವರ್ಡ್, ಎಕ್ಸೆಲ್, ಪವರ್‌ಪಾಯಿಂಟ್‌ಗಳಿಗೆ ಬೇರೆಬೇರೆ ಚೌಕಗಳಿರುವ ಪರದೆ ಬರುತ್ತದೆ. ಬೇರೆ ಯಾವುದನ್ನು ಹಾಕುವಾಗಲೂ ಎಕ್ಸ್‌ಪ್ರೆಸ್ ಬಿಟ್ಟು ಕಸ್ಟಮ್ ಒತ್ತಿ. ಟಿಕ್ ತೆಗೆಯುವ ಅವಕಾಶ ಸಾಮಾನ್ಯವಾಗಿ ಸಿಗುವುದು ಅಲ್ಲೇ.