ತಾರತಮ್ಯ: ಎರಡು ಬಾಲಗಳ ಪದ

ಕಳೆದ ವಾರ ನಮ್ಮ ರಸ್ತೆ ಕೊನೆಯ ಬೇಕರಿಯಲ್ಲಿ ಖಾರಾ ಬನ್ ಕಟ್ಟಿಸಿಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದವರು ಎಗ್ ಪಫ್ಸ್ ಕೇಳಿದರು. ‘ನಾವು ಮೊಟ್ಟೆ ಮುಟ್ಟಲ್ಲ ಸಾರ್, ವೆಜ್ ಪಫ್ಸ್ ಬಿಸಿಯಾಗಿದೆ’ ಎಂದರು ಅಂಗಡಿಯವರು. ‘ಇದು ತಾರತಮ್ಯ ಕಣ್ರೀ’ ಎಂದು ಗೊಣಗಿ ಅವರು ಸ್ಕೂಟರ್ ಹತ್ತಿದರು. ಅದೇ ರಾತ್ರಿ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಮನೆ ಮಾಲೀಕರೊಬ್ಬರು ಬರೆದರು: ‘ಯಾರಿಗೆ ಮನೆ ಕೊಡಬೇಕು ಅನ್ನೋದು ನನ್ನ ಧಾರ್ಮಿಕ ಸ್ವಾತಂತ್ರ್ಯ.’ ಒಂದೇ ದಿನ ಎರಡು ಒಳ್ಳೆಯ ಪದಗಳಿಗೆ ಈ ಗತಿ. ಇನ್ನು ಸುಮ್ನೆ ಇರೋಕಾಗಲ್ಲ.

ತಾರತಮ್ಯ ಒಂದು ತಮಾಷೆಯ ಪದ. ಇದಕ್ಕೆ ತಲೆಯೇ ಇಲ್ಲ, ಇರುವುದು ಎರಡು ಬಾಲ. ‘ಗುರುತರ ಆರೋಪ’ ಎನ್ನುತ್ತೇವಲ್ಲ, ಅಲ್ಲಿರುವ ‘ತರ’ ಒಂದು. ‘ಪ್ರಿಯತಮ’ದಲ್ಲಿರುವ ‘ತಮ’ ಇನ್ನೊಂದು. ತರ ಎಂದರೆ ಇದಕ್ಕಿಂತ ಹೆಚ್ಚು, ತಮ ಎಂದರೆ ಎಲ್ಲಕ್ಕಿಂತ ಹೆಚ್ಚು. ಸಂಸ್ಕೃತದ ಈ ಎರಡು ಪ್ರತ್ಯಯಗಳನ್ನೇ ಗಂಟು ಹಾಕಿದರೆ ತರತಮ, ಅದರ ಭಾವ ತಾರತಮ್ಯ. ಅಂದರೆ ಏಣಿ. ಒಂದರ ಮೇಲೊಂದು ಮೆಟ್ಟಿಲು, ಯಾರು ಯಾವ ಮೆಟ್ಟಿಲಲ್ಲಿ ಎಂಬ ಲೆಕ್ಕ. ಸುಮ್ಮನೆ ಬೇರೆ ಬೇರೆ ಇರುವುದಕ್ಕೆ ಕನ್ನಡದಲ್ಲಿ ವ್ಯತ್ಯಾಸ ಎಂಬ ಪದ ಆಗಲೇ ಇದೆ. ಇಡ್ಲಿಗೂ ದೋಸೆಗೂ ಇರುವುದು ವ್ಯತ್ಯಾಸ.

ಬಸವನಗುಡಿಯ ಮಠದಲ್ಲಿ ಪಾಠ ಕೇಳಿದವರಿಗೆ ಈ ಪದ ಬೈಗುಳವೂ ಅಲ್ಲ. ಮಧ್ವಾಚಾರ್ಯರ ದ್ವೈತ ಮತದಲ್ಲಿ ತಾರತಮ್ಯ ಒಂದು ಮೂಲ ತತ್ತ್ವ: ಹರಿ ಸರ್ವೋತ್ತಮ, ಆಮೇಲೆ ಲಕ್ಷ್ಮಿ, ಆಮೇಲೆ ಬ್ರಹ್ಮ ಮತ್ತು ವಾಯು, ಹೀಗೆ ಇಳಿಯುತ್ತಾ ಬರುತ್ತದೆ. ಮೋಕ್ಷ ಸಿಕ್ಕಮೇಲೂ ಆನಂದದಲ್ಲಿ ಹೆಚ್ಚು ಕಡಿಮೆ ಇದ್ದೇ ಇರುತ್ತದೆ. ಮನೆಯ ಹಿರಿಯರ ಬಾಯಲ್ಲಂತೂ ‘ತಾರತಮ್ಯ ಜ್ಞಾನ’ ಹೊಗಳಿಕೆ. ಯಾವುದು ದೊಡ್ಡದು, ಯಾವುದು ಸಣ್ಣದು ಎಂದು ತೂಗಿ ನೋಡುವ ಬುದ್ಧಿ. ಸಾವಿನ ಮನೆಗೆ ಜರಿ ಸೀರೆ ಉಟ್ಟು ಬಂದವರನ್ನು ನಮ್ಮಜ್ಜಿ ‘ತಾರತಮ್ಯ ಗೊತ್ತಿಲ್ಲ ಅದಕ್ಕೆ’ ಎನ್ನುತ್ತಿದ್ದರು. ಈಗ ಆ ಮಾತು ಹೇಳಿದರೆ ಅಜ್ಜಿಯನ್ನು ಯಾರಾದರೂ ಮೆಚ್ಚಿಕೊಂಡಾರು, ತಪ್ಪು ಕಾರಣಕ್ಕೆ! ಇಂಗ್ಲಿಷಿನ ಡಿಸ್ಕ್ರಿಮಿನೇಷನ್‌ಗೂ ಇದೇ ಹಣೆಬರಹ. ಅದಕ್ಕೂ ಮೊದಲು ವಿವೇಕ ಎಂಬ ಅರ್ಥವಿತ್ತು, ಈಗ ಕೇಳಿದೊಡನೆ ನೆನಪಾಗುವುದು ಅನ್ಯಾಯ.

ಅರ್ಥ ಬದಲಾಗಿದ್ದಕ್ಕೆ ನನ್ನ ತಕರಾರಿಲ್ಲ. ಏಣಿ ಮಾತ್ರ ಹಾಗೇ ಉಳಿದಿದೆ, ಅದನ್ನು ಮರೆಯುವುದಕ್ಕೆ ತಕರಾರು. ಮನುಷ್ಯನನ್ನು ಅವನ ಹುಟ್ಟು, ಜಾತಿ, ಧರ್ಮ ನೋಡಿ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದರೆ ತಾರತಮ್ಯ. ಬೇಕರಿಯವರು ಮೊಟ್ಟೆಯನ್ನು ಯಾರಿಗೂ ಮಾರುವುದಿಲ್ಲ. ಅದು ಅವರ ಆಚಾರ, ಅವರ ವ್ಯಾಪಾರ. ವೆಜ್ ಪಫ್ಸನ್ನೇ ‘ನಿಮಗೆ ಕೊಡಲ್ಲ’ ಎಂದಿದ್ದರೆ ಬೇರೆ ಮಾತು.

ಸಂವಿಧಾನದ 15(2)ನೇ ವಿಧಿ ಹಿಡಿಯುವುದು ಇದನ್ನೇ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಊರು, ಇಷ್ಟನ್ನೇ ನೆಪ ಮಾಡಿಕೊಂಡು ಅಂಗಡಿ, ಹೋಟೆಲು, ಮನರಂಜನೆಯ ಜಾಗಗಳಿಂದ ಯಾರನ್ನೂ ದೂರ ಇಡುವಂತಿಲ್ಲ. 1948ರ ನವೆಂಬರ್‌ನಲ್ಲಿ ಸಂವಿಧಾನ ಸಭೆಯಲ್ಲಿ ‘ಅಂಗಡಿ’ ಅಂದರೆ ಏನು, ಲಾಂಡ್ರಿ, ಕ್ಷೌರದಂಗಡಿ ಅದರೊಳಗೆ ಬರುತ್ತದಾ ಎಂದು ಪ್ರಶ್ನೆ ಎದ್ದಿತು. ಸೇವೆ ಕೊಡುತ್ತೇನೆ ಎನ್ನುವವರೆಲ್ಲ ಬರುತ್ತಾರೆ ಎಂದರು ಅಂಬೇಡ್ಕರ್. ಇನ್ನು ಧಾರ್ಮಿಕ ಸ್ವಾತಂತ್ರ್ಯದ 25ನೇ ವಿಧಿ ಎಲ್ಲರಿಗೂ ಬಾಯಿಪಾಠ, ಅದರ ಮೊದಲ ಸಾಲಿನ ಷರತ್ತು ಮಾತ್ರ ಯಾರಿಗೂ ನೆನಪಿಲ್ಲ. ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯ, ಜೊತೆಗೆ ಉಳಿದ ಮೂಲಭೂತ ಹಕ್ಕುಗಳು, ಇವಕ್ಕೆ ಒಳಪಟ್ಟೇ ಆ ಸ್ವಾತಂತ್ರ್ಯ. ಗಲ್ಲಾ ಮೇಲೆ ದೇವರ ಪಟ ಇಡಿ, ಶುಕ್ರವಾರ ಅಂಗಡಿ ಮುಚ್ಚಿ, ಏಕಾದಶಿಗೆ ಒಲೆ ಹಚ್ಚಬೇಡಿ. ಗಿರಾಕಿಯ ಜಾತಕ ಕೇಳಬೇಡಿ.

ಏನು ಇಲ್ಲ, ಯಾರಿಗೆ ಇಲ್ಲ. ಈ ಎರಡರ ಗೆರೆ ಯಾವಾಗಲೂ ಇಷ್ಟು ಸಲೀಸಲ್ಲ, ಅದನ್ನು ಒಪ್ಪುತ್ತೇನೆ. ವಿಚಿತ್ರ ಏನಂದರೆ ಹೊರದೇಶದಲ್ಲೂ ಜಗಳ ಎದ್ದದ್ದು ಬೇಕರಿಯಲ್ಲೇ. ಅಮೆರಿಕದ ಕೊಲರಾಡೊದಲ್ಲಿ 2012ರಲ್ಲಿ ಜ್ಯಾಕ್ ಫಿಲಿಪ್ಸ್ ಎಂಬ ಬೇಕರಿಯವರು ಇಬ್ಬರು ಗಂಡಸರ ಮದುವೆಗೆ ಕೇಕ್ ಮಾಡಲಾರೆ ಎಂದರು. ಬೇರೆ ತಿಂಡಿ ಏನು ಬೇಕಾದರೂ ಕೊಡುತ್ತೇನೆ, ಮದುವೆ ಕೇಕ್ ನನ್ನ ನಂಬಿಕೆಗೆ ಒಗ್ಗುವುದಿಲ್ಲ ಎಂಬುದು ಅವರ ವಾದ. 2018ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಅವರನ್ನು ಗೆಲ್ಲಿಸಿತು. ಆದರೆ ಕಾರಣ, ರಾಜ್ಯದ ನಾಗರಿಕ ಹಕ್ಕುಗಳ ಆಯೋಗ ಅವರ ಧರ್ಮದ ಬಗ್ಗೆ ಹಗುರವಾಗಿ ನಡೆದುಕೊಂಡಿತು ಎಂಬುದು. ದೊಡ್ಡ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಅದೇ ವರ್ಷ ಬ್ರಿಟನ್ನಿನ ಸುಪ್ರೀಂ ಕೋರ್ಟಿಗೆ ಬೆಲ್‌ಫಾಸ್ಟ್‌ನ ಬೇಕರಿಯೊಂದರ ಕೇಸು ಬಂತು. ಸಲಿಂಗ ಮದುವೆಯನ್ನು ಬೆಂಬಲಿಸಿ ಎಂಬ ಬರಹವನ್ನು ಕೇಕ್ ಮೇಲೆ ಬರೆಯಲು ಅವರು ಒಪ್ಪಿರಲಿಲ್ಲ. ಯಾರು ಕೇಳಿದ್ದರೂ ಬರೆಯುತ್ತಿರಲಿಲ್ಲ, ಅವರು ಬೇಡ ಎಂದದ್ದು ಮಾತನ್ನು, ಮನುಷ್ಯನನ್ನಲ್ಲ ಎಂದಿತು ಕೋರ್ಟು. ನನಗೆ ಬೆಲ್‌ಫಾಸ್ಟ್ ತೀರ್ಪು ಅರ್ಥವಾಗುತ್ತದೆ. ಕೊಲರಾಡೊದ ವಾದ ಅಷ್ಟಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಮದುವೆ ಕೇಕ್ ಎಲ್ಲರಿಗೂ ಮಾಡಿ ಒಂದು ಜೋಡಿಗೆ ಮಾತ್ರ ಇಲ್ಲ ಎಂದರೆ ಅದು ‘ಯಾರಿಗೆ’ ಅಲ್ವಾ?

ನಂಬಿಕೆಯ ಹೆಸರಿನಲ್ಲಿ ಇನ್ನೂ ಒರಟು ಪ್ರಯತ್ನ ನಡೆದದ್ದೂ ಉಂಟು. ಕರಿಯರಿಗೆ ಊಟ ಬಡಿಸುವುದು ತನ್ನ ಧರ್ಮಕ್ಕೆ ವಿರುದ್ಧ ಎಂದು ಸೌತ್ ಕೆರೊಲಿನಾದ ಹೋಟೆಲ್ ಮಾಲೀಕನೊಬ್ಬ ವಾದಿಸಿದ್ದ. 1968ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಅದನ್ನು ಪೊಳ್ಳು ವಾದ ಎಂದು ತಳ್ಳಿಹಾಕಿತು.

ಮತ್ತೆ ಬೆಂಗಳೂರಿಗೆ ಬರೋಣ. 2024ರಲ್ಲಿ ಪಂಚೆ ಉಟ್ಟು ಬಂದ ರೈತರೊಬ್ಬರನ್ನು ಮಾಲ್ ಒಂದರೊಳಗೆ ಬಿಡಲಿಲ್ಲ. 15(2)ರ ಪಟ್ಟಿಯಲ್ಲಿ ಬಟ್ಟೆ ಇಲ್ಲ, ನಿಜ. ಆದರೂ ಅಲ್ಲಿ ತಾರತಮ್ಯ ಎಂಬ ಪದ ನೂರಕ್ಕೆ ನೂರು ಸರಿ. ಪಂಚೆ ನೋಡಿ ಮನುಷ್ಯನ ಮೆಟ್ಟಿಲು ಗೊತ್ತು ಮಾಡಿದರಲ್ಲ.

ಬಾಡಿಗೆ ಮನೆಯೂ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ವಾಟ್ಸಾಪ್ ಗುಂಪಿನ ಆ ಮನೆ ಮಾಲೀಕರನ್ನು 15(2) ಹಿಡಿಯುವುದಿಲ್ಲ. ಹಿಡಿಯದಿದ್ದರೆ ಅದು ಧಾರ್ಮಿಕ ಸ್ವಾತಂತ್ರ್ಯ ಆಗಿಬಿಡುತ್ತದಾ? ‘ಸಸ್ಯಾಹಾರಿಗಳಿಗೆ ಮಾತ್ರ’ ಎಂಬ ಟು-ಲೆಟ್ ಬೋರ್ಡು ಮೇಲ್ನೋಟಕ್ಕೆ ‘ಏನು’ ಅನ್ನುವ ಗುಂಪಿನದು, ನಮ್ಮ ಅಡುಗೆಮನೆಯಲ್ಲಿ ಮಾಂಸ ಬೇಡ ಅಷ್ಟೇ ಅಂತ. ನನ್ನ ಸಹೋದ್ಯೋಗಿಯೊಬ್ಬ ಹುಟ್ಟಿದಾಗಿನಿಂದ ಮೊಟ್ಟೆಯನ್ನೂ ತಿಂದವನಲ್ಲ. ಅಂಥದೇ ಬೋರ್ಡು ನೋಡಿ ಜಯನಗರದಿಂದ ಫೋನ್ ಮಾಡಿದ. ಆ ಕಡೆಯಿಂದ ಮೊದಲು ಕೇಳಿದ್ದು ಹೆಸರು. ಹೇಳಿದ. ‘ಅಯ್ಯೋ, ನಿನ್ನೆಯಷ್ಟೇ ಅಡ್ವಾನ್ಸ್ ತಗೊಂಡ್ಬಿಟ್ವಿ’ ಎಂದರು. ಊಟದ ವಿಷಯ ಬರಲೇ ಇಲ್ಲ. ಎರಡು ವಾರ ಬಿಟ್ಟು ಅದೇ ದಾರಿಯಲ್ಲಿ ಹೋದಾಗಲೂ ಬೋರ್ಡು ಗೇಟಿನಲ್ಲೇ ನೇತಾಡುತ್ತಿತ್ತು.