ಗೇಟಿನ ಮುಂದೆ ಗಾಡಿ ನಿಲ್ಲಿಸಬೇಡಿ, ದಯವಿಟ್ಟು

ರಸ್ತೆ ಸುರಕ್ಷತೆಯ ಸಲಹೆಗೆ ಅಂತ ಯಾವ ಶಾಲೆಗೆ ಹೋದರೂ ಪೋಷಕರು ಕೇಳುವುದು ಹೆಚ್ಚಾಗಿ ಒಂದೇ. ಗೇಟಿನ ಎದುರು ಗಾಡಿ ನಿಲ್ಲಿಸಲು ಇನ್ನೂ ಸ್ವಲ್ಪ ಜಾಗ ಮಾಡಿಕೊಡಿ ಸಾರ್, ಮಗು ಇಳಿದ ತಕ್ಷಣ ಒಳಗೆ ಹೋಗುತ್ತದೆ, ಅಪಾಯವೇ ಇಲ್ಲ ಅಲ್ವಾ? ನಿಮ್ಮ ಮಗುವಿಗೆ ಇಲ್ಲದಿರಬಹುದು. ನಡೆದು ಬರುವ ಮಕ್ಕಳ ಕಥೆ ಏನು?

ಎಂಟು ವರ್ಷದ ಮಗುವಿನ ಎತ್ತರ ಸುಮಾರು 125 ಸೆಂ.ಮೀ. ಕಾರು ಸುಮಾರು 150. ಸಾಲಾಗಿ ನಿಂತ ಕಾರುಗಳ ಹಿಂದೆ ಆ ಮಗು ಯಾರಿಗೂ ಕಾಣುವುದಿಲ್ಲ, ಅದಕ್ಕೂ ರಸ್ತೆ ಕಾಣುವುದಿಲ್ಲ. ನೋಡಬೇಕಾದರೆ ಎರಡು ಹೆಜ್ಜೆ ಮುಂದೆ ಬರಲೇಬೇಕು, ಅಷ್ಟರಲ್ಲಿ ಅದು ರಸ್ತೆಯ ಮೇಲಿರುತ್ತದೆ. "ಎರಡೂ ಕಡೆ ನೋಡಿ ದಾಟು" ಅಂತ ಎಷ್ಟು ಸಲ ಹೇಳಿಕೊಟ್ಟರೂ ಇದು ಬದಲಾಗುವುದಿಲ್ಲ. ಕಂಡರೂ ಅಷ್ಟೇ, ಬರುವ ಗಾಡಿಯ ವೇಗವನ್ನು ಅಂದಾಜು ಮಾಡುವ ಶಕ್ತಿ ಸಣ್ಣ ಮಕ್ಕಳಲ್ಲಿ ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಅದು ಮಗುವಿನ ತಪ್ಪಲ್ಲ.

ಒಂದು ಸಭೆಯಲ್ಲಿ ಇದನ್ನು ಹೇಳಿ ಹೇಳಿ ಸಾಕಾಗಿ, ಪೋಷಕರನ್ನೆಲ್ಲ ಹೊರಗೆ ಕರೆದುಕೊಂಡು ಹೋಗಿ ನಿಂತ ಎರಡು ಕಾರುಗಳ ನಡುವೆ ಮಂಡಿಯೂರಿ ಕೂರಿಸಿದೆ. ರಸ್ತೆ ನೋಡಿ ಹೇಳಿ ಅಂದೆ. ಅದುವರೆಗೂ ಜೋರಾಗಿ ವಾದ ಮಾಡುತ್ತಿದ್ದ ತಾಯಿಯೊಬ್ಬರು ಎದ್ದು ಮಂಡಿ ಒರೆಸಿಕೊಂಡು, "ಏನೂ ಕಾಣಿಸ್ತಿಲ್ಲ" ಅಂದರು. ಮಾರನೇ ದಿನದಿಂದ ಅವರು ದೂರದಲ್ಲೇ ಇಳಿಸಿ ಮಗನ ಜೊತೆ ನಡೆದು ಬರುತ್ತಿದ್ದರಂತೆ. ನನಗೆ ತುಂಬಾ ಖುಷಿಯಾಯಿತು.

ಇನ್ನು ವೇಗ. 30 ಕಿ.ಮೀ. ವೇಗದ ಕಾರು ಒಣ ರಸ್ತೆಯಲ್ಲಿ, ಚಾಲಕ ಮಗುವನ್ನು ಕಂಡ ಒಂದು ಸೆಕೆಂಡಿನಲ್ಲಿ ಬ್ರೇಕ್ ಒತ್ತಿದರೆ, ಸುಮಾರು 13 ಮೀಟರಿನಲ್ಲಿ ನಿಲ್ಲುತ್ತದೆ. 50ರಲ್ಲಿ ಬರುವವನು ಅದೇ 13 ಮೀಟರ್ ದಾಟುವಾಗ ಇನ್ನೂ ಬ್ರೇಕನ್ನೇ ಒತ್ತಿರುವುದಿಲ್ಲ. ಅಂದರೆ ಒಬ್ಬ ನಿಂತುಬಿಟ್ಟ ಜಾಗದಲ್ಲಿ ಇನ್ನೊಬ್ಬ ಪೂರ್ತಿ 50ರಲ್ಲೇ ಗುದ್ದುತ್ತಾನೆ. ಶಾಲೆಯ ಸುತ್ತ 30 ಇರಲಿ ಅಂತ ನಾವು ಹಟ ಹಿಡಿಯುವುದು ಇದಕ್ಕೇ. ಬರೀ ಬೋರ್ಡ್ ಹಾಕಿದರೆ ಯಾರೂ ನಿಧಾನ ಮಾಡುವುದಿಲ್ಲ, ರಸ್ತೆಯನ್ನೇ ಕಿರಿದು ಮಾಡಬೇಕು, ಜೀಬ್ರಾ ಪಟ್ಟೆಯನ್ನು ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಬೇಕು.

ಇಟಲಿಯ ಬೊಲ್ಜಾನೊ ನಗರ 1989ರಲ್ಲೇ ಶಾಲೆ ಶುರುವಾಗುವ ಮತ್ತು ಬಿಡುವ ಹೊತ್ತಿನಲ್ಲಿ ಅದರ ಎದುರಿನ ಬೀದಿಗೆ ಗಾಡಿಗಳನ್ನು ಬಿಡದಿರಲು ಶುರುಮಾಡಿತು. ಈಗ ಬೇರೆ ದೇಶಗಳಲ್ಲೂ ಇದು ನಡೆಯುತ್ತಿದೆ. ಎಲ್ಲ ಕಡೆಯೂ ಆಗುತ್ತದೆ ಅಂತ ನಾನು ಹೇಳಲಾರೆ. ಹೆದ್ದಾರಿಗೇ ಅಂಟಿಕೊಂಡ ಶಾಲೆಗೆ ಬೇರೆ ಉಪಾಯ ಬೇಕು, ಫುಟ್‌ಪಾತ್ ಇಲ್ಲದ ಕಡೆ ಮಗುವನ್ನು ದೂರ ಇಳಿಸಿ ಒಂಟಿಯಾಗಿ ನಡೆಸಬೇಡಿ, ಜಾಗ ನೋಡಿಯೇ ತೀರ್ಮಾನ ಮಾಡಬೇಕು. ಆದರೆ ಜೀಬ್ರಾ ಪಟ್ಟೆಯ ಎರಡೂ ಕಡೆ ಕನಿಷ್ಠ ಹತ್ತು ಮೀಟರ್ ಖಾಲಿ ಬಿಡುವುದಕ್ಕೆ ಯಾವ ಎಂಜಿನಿಯರೂ ಬೇಕಿಲ್ಲ. ನಾಳೆ ಬೆಳಿಗ್ಗೆಯೇ ಮಾಡಬಹುದು.