ಸಂವಿಧಾನ ಬೇಡವೆಂದವರು ಕೇಳಿದ್ದೇನು?

ಅಮೆರಿಕದಲ್ಲಿ ಕೇಂದ್ರಕ್ಕೆ ಎಷ್ಟು ಅಧಿಕಾರ ಇರಬೇಕೆಂಬ ಜಗಳ ಆ ದೇಶದಷ್ಟೇ ಹಳೆಯದು. ಬ್ರಿಟಿಷ್ ದೊರೆಯ ಹಂಗು ಹರಿದುಕೊಂಡ 13 ರಾಜ್ಯಗಳು 1781ರ ಒಕ್ಕೂಟದ ಒಪ್ಪಂದದಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವನ್ನೇ ಕೊಟ್ಟಿರಲಿಲ್ಲ. ಅದು ರಾಜ್ಯಗಳ ಮುಂದೆ ಕೈಚಾಚಬೇಕು, ಅವು ಕೊಟ್ಟರೆ ಉಂಟು. ಯುದ್ಧದ ಸಾಲ ಹಾಗೇ ಉಳಿಯಿತು. 1786ರಲ್ಲಿ ಮ್ಯಾಸಚೂಸೆಟ್ಸ್‌ನ ಪಶ್ಚಿಮ ಭಾಗದ ರೈತರು ಸಾಲ, ತೆರಿಗೆಗಳ ಹೊರೆ ತಾಳಲಾರದೆ ದಂಗೆಯೆದ್ದು ಕೋರ್ಟುಗಳನ್ನೇ ಮುಚ್ಚಿಸಿದರು. ಮರುವರ್ಷ ಫಿಲಡೆಲ್ಫಿಯಾದಲ್ಲಿ ಬಾಗಿಲು ಹಾಕಿಕೊಂಡು ಕುಳಿತ ರಾಜ್ಯಗಳ ಪ್ರತಿನಿಧಿಗಳ ಸಭೆ, ಹಳೆಯ ಒಪ್ಪಂದವನ್ನು ತಿದ್ದುವ ಬದಲು ಹೊಸ ಸಂವಿಧಾನವನ್ನೇ ಬರೆದು ಹೊರಬಂತು.

ವಿರೋಧ ಆ ಕೋಣೆಯಲ್ಲೇ ಹುಟ್ಟಿತ್ತು. ಪ್ರಜೆಗಳ ಹಕ್ಕುಗಳ ಪಟ್ಟಿಯೊಂದು ಬೇಕು ಎಂದ ವರ್ಜೀನಿಯಾದ ಜಾರ್ಜ್ ಮೇಸನ್‌ಗೆ ಒಂದು ರಾಜ್ಯವೂ ಜೊತೆಯಾಗಲಿಲ್ಲ. ಅವರು ಸಹಿ ಹಾಕದೆ ಹೊರಟರು.

ಈ ಸಂವಿಧಾನವನ್ನು ಒಪ್ಪಬೇಕೋ ಬೇಡವೋ ಎಂದು ಪ್ರತಿ ರಾಜ್ಯವೂ ತೀರ್ಮಾನಿಸಬೇಕಿತ್ತು. ನಿಜವಾದ ವಾದ ನಡೆದದ್ದು 1788ರ ಜನವರಿಯಲ್ಲಿ, ಬಾಸ್ಟನ್‌ನಲ್ಲಿ ಸೇರಿದ ಮ್ಯಾಸಚೂಸೆಟ್ಸ್‌ನ ಸಭೆಯಲ್ಲಿ. ಹಳ್ಳಿಯಿಂದ ಬಂದಿದ್ದ ಏಮೊಸ್ ಸಿಂಗಲ್‌ಟರಿ ಎದ್ದು ನಿಂತು, ಈ ವಕೀಲರು, ಓದಿದವರು, ದುಡ್ಡಿದ್ದವರು ನಯವಾಗಿ ಮಾತಾಡಿ ಕಾಂಗ್ರೆಸ್, ಅಂದರೆ ಕೇಂದ್ರದ ಶಾಸನಸಭೆ, ಸೇರಿಕೊಂಡು ನಮ್ಮಂಥ ಸಣ್ಣವರನ್ನು ನುಂಗಿಬಿಡುತ್ತಾರೆ ಎಂದರು. ನೇಗಿಲು ನಂಬಿ ಬದುಕುತ್ತಿದ್ದ ಜೊನಾಥನ್ ಸ್ಮಿತ್ ಅವರಿಗೆ ಉತ್ತರ ಕೊಟ್ಟರು: ಸರ್ಕಾರವೇ ಇಲ್ಲದಂತಾದರೆ ಏನಾಗುತ್ತದೆಂದು ದಂಗೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಇಬ್ಬರ ಭಯವೂ ಸುಳ್ಳಲ್ಲ. ವಿರೋಧಿಗಳನ್ನು ಏನೂ ತಿಳಿಯದ ಹಳ್ಳಿಗರೆಂದು ಬದಿಗೆ ಸರಿಸುವವರು ಈ ಚರ್ಚೆಯನ್ನು ಒಮ್ಮೆ ಓದಬೇಕು.

ಕೊನೆಗೆ ಗವರ್ನರ್ ಜಾನ್ ಹ್ಯಾನ್ಕಾಕ್ ಒಂದು ದಾರಿ ಮುಂದಿಟ್ಟರು: ಈಗ ಒಪ್ಪೋಣ, ಜೊತೆಗೇ ತಿದ್ದುಪಡಿಗಳನ್ನೂ ಶಿಫಾರಸು ಮಾಡೋಣ. ಪರವಾಗಿ 187 ಮತ, ವಿರುದ್ಧ 168. ಹತ್ತು ಜನ ಆಚೆ ಕಡೆಗೆ ವಾಲಿದ್ದರೆ ಸಂವಿಧಾನ ಅಲ್ಲೇ ಬೀಳುತ್ತಿತ್ತು. ವರ್ಜೀನಿಯಾ, ನ್ಯೂಯಾರ್ಕ್ ಕೂಡ ಹೀಗೇ ಕೂದಲೆಳೆಯಲ್ಲಿ ಒಪ್ಪಿದವು. ರೋಡ್ ಐಲೆಂಡ್ 1790ರವರೆಗೂ ಹೊರಗೇ ಉಳಿದು, ಬರೀ ಎರಡು ಮತಗಳ ಅಂತರದಲ್ಲಿ ಒಳಬಂತು.

1791ರಲ್ಲಿ ಜಾರಿಗೆ ಬಂದ ಹತ್ತು ತಿದ್ದುಪಡಿಗಳನ್ನು ಗಳಿಸಿಕೊಟ್ಟದ್ದು ಈ ವಿರೋಧವೇ. ವಾಕ್‌ಸ್ವಾತಂತ್ರ್ಯವೂ ಧರ್ಮಸ್ವಾತಂತ್ರ್ಯವೂ ಅವುಗಳಲ್ಲೇ ಇವೆ. ಆದರೆ ಕೇಂದ್ರದ ತೆರಿಗೆಯ ಅಧಿಕಾರ ಹಾಗೇ ಉಳಿಯಿತು. ಕೇಂದ್ರಕ್ಕೆ ಕೊಡದ ಅಧಿಕಾರ ರಾಜ್ಯಗಳದ್ದು ಅಥವಾ ಜನರದ್ದು ಎನ್ನುವ ಹತ್ತನೆಯ ತಿದ್ದುಪಡಿಯಲ್ಲಿ, 'ಸ್ಪಷ್ಟವಾಗಿ ಕೊಡದ' ಎಂದು ಸೇರಿಸಲು ಕೆಲವರು ಪಟ್ಟುಹಿಡಿದರೂ ಆ ಒಂದು ಪದ ಒಳಗೆ ಬರಲಿಲ್ಲ. 1819ರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್ ಅದೇ ಪದ ಇಲ್ಲದ್ದನ್ನು ಎತ್ತಿ ತೋರಿಸಿ, ಬ್ಯಾಂಕು ಸ್ಥಾಪಿಸುವ ಅಧಿಕಾರ ಕೇಂದ್ರಕ್ಕೆ ಉಂಟು ಎಂದು ತೀರ್ಪು ಕೊಟ್ಟರು.